ಪೈಪಿನ ಬೋನು, ತೋಡಿನ ಹಾವುಮೀನು: ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗಿನ ಲೆಕ್ಕ

ಖರ್ಚು 565 ರೂಪಾಯಿ. ಮಾಡಿದ ಬೋನು ಎರಡು, ಅದರಲ್ಲಿ ಒಂದು ಮಳೆನೀರಿನ ಪಾಲು. ಸಿಕ್ಕಿದ ಹಾವುಮೀನು ಮೂರು, ತಿಂದದ್ದು ಒಂದೇ. ಇದನ್ನು ಓದಿ ಯಾರಾದರೂ ಬೋನು ಮಾಡುವುದಾದರೆ ನನ್ನ ತಪ್ಪುಗಳಿಂದಲೇ ಶುರುಮಾಡಲಿ ಅಂತ ದಿನಾಂಕದ ಪ್ರಕಾರ ಬರೆದಿಟ್ಟಿದ್ದೇನೆ.

ಜಾಗ ಉಡುಪಿ ಜಿಲ್ಲೆಯ ಹೆಬ್ರಿ ಕಡೆ. ನಮ್ಮ ಅಡಕೆ ತೋಟದ ಮಧ್ಯೆ ಒಂದು ತೋಡು ಹರಿಯುತ್ತದೆ, ಅದು ಹೋಗಿ ಸೀತಾನದಿ ಸೇರುತ್ತದೆ. ಮೇಲೆ ಸೋಮೇಶ್ವರ ಅಭಯಾರಣ್ಯ ಇದೆ, ಅದರೊಳಗೆ ಗಾಳವನ್ನೂ ಹಾಕುವ ಹಾಗಿಲ್ಲ. ನಾನು ಬೋನಿಟ್ಟದ್ದು ಅದರಿಂದ ತುಂಬಾ ಕೆಳಗೆ, ನಮ್ಮ ತೋಟದೊಳಗೇ.

ಆಗಸ್ಟ್ 25, 2024, ಭಾನುವಾರ

ತೋಟದ ಬಸಿಗಾಲುವೆ ಬಿಡಿಸುತ್ತಿದ್ದೆ. ಹಾರೆಯಲ್ಲಿ ಒಂದು ಕಲ್ಲು ಎಬ್ಬಿಸಿದಾಗ ಅಡಿಯಿಂದ ಕಂದು ಬಣ್ಣದ್ದೊಂದು ಸರ್‍ರನೆ ಜಾರಿ ತೋಡಿಗೆ ಬಿತ್ತು. ಹಾವು ಅಂತ ನಾನು ಎರಡು ಹೆಜ್ಜೆ ಹಿಂದೆ. ಆದರೆ ತಲೆಯ ಹಿಂದೆ ಕಿವಿಯ ಹಾಗೆ ಎರಡು ಸಣ್ಣ ರೆಕ್ಕೆ ಕಂಡವು. ಹಾವಿಗೆ ರೆಕ್ಕೆ ಇರುವುದಿಲ್ಲ ಅಲ್ವಾ.

ನಮ್ಮಲ್ಲಿ ಹಾವುಮೀನು ಅಂತ ಎರಡು ಮೂರು ಜಾತಿಯನ್ನು ಒಟ್ಟಿಗೆ ಕರೆಯುತ್ತಾರೆ. ಮೂತಿ ಚೂಪಾಗಿ, ಬೆನ್ನ ಮೇಲೆ ಸಾಲಾಗಿ ಮುಳ್ಳು ಇರುವುದು ಒಂದು. ಬರಿಗೈಯಲ್ಲಿ ಹಿಡಿದರೆ ಅಂಗೈ ಹರಿಯುತ್ತದೆ. ನಾನು ಹೇಳುತ್ತಿರುವುದು ಇನ್ನೊಂದು, ಮುಳ್ಳಿಲ್ಲದ್ದು. ಕಂದು ಮೈ ಮೇಲೆ ಹಳದಿ ಮಚ್ಚೆ, ಬಿಳಿಚಿದ ಹೊಟ್ಟೆ. ಬೆನ್ನ ರೆಕ್ಕೆ ಬಾಲದ ತುದಿ ಸುತ್ತಿ ಹೊಟ್ಟೆಯ ಕಡೆಗೆ ಒಂದೇ ಪಟ್ಟಿಯಾಗಿ ಬರುತ್ತದೆ. ಆರಡಿವರೆಗೂ ಬೆಳೆಯುವ ಮೀನು ಇದು.

ಜೂನ್, ಜುಲೈನಲ್ಲಿ ಕಡಲಿನ ಮೀನುಗಾರಿಕೆಗೆ ರಜೆ ಇದ್ದಾಗ ಒಣಮೀನು ತಿಂದು ತಿಂದು ಸಾಕಾಗಿತ್ತು. ಅದೇ ನೆಪ.

ಸೆಪ್ಟೆಂಬರ್ 14 ಮತ್ತು 15: ಮೊದಲ ಬೋನು

ಬಚ್ಚಲು ರಿಪೇರಿಯಲ್ಲಿ ಉಳಿದ ನಾಲ್ಕಿಂಚಿನ ಪಿವಿಸಿ ಪೈಪು 180 ಸೆಂಟಿಮೀಟರ್ ಇತ್ತು. ಅದರಲ್ಲಿ ಒಂದು ಮೀಟರ್ ಕತ್ತರಿಸಿದೆ. ಹಾವುಮೀನು ಹಗಲು ಬಿಲದಲ್ಲಿ, ಕಲ್ಲಿನ ಸಂದಿಯಲ್ಲಿ ಅಡಗುತ್ತದೆ, ರಾತ್ರಿ ಮೇಯಲು ಹೊರಡುತ್ತದೆ. ಕತ್ತಲೆ ಪೈಪು ಅದಕ್ಕೆ ಮನೆಯ ಹಾಗೆ. ಇದು ಮಾತ್ರ ನಾನು ಸರಿಯಾಗಿ ಯೋಚಿಸಿದ್ದು.

ಡ್ರಿಲ್ಲಿಗೆ 10 ಮಿಲಿಮೀಟರ್ ಬಿಟ್ ಹಾಕಿ ಸುತ್ತ ನಲವತ್ತು ತೂತು ಕೊರೆದೆ, ನೀರು ಹರಿಯಲಿ, ವಾಸನೆ ಹೊರಗೆ ಹೋಗಲಿ ಅಂತ. ಒಂದು ತುದಿಗೆ ಎಂಡ್ ಕ್ಯಾಪ್. ಇನ್ನೊಂದು ತುದಿಗೆ ಎರಡು ಲೀಟರಿನ ಸೋಡಾ ಬಾಟಲಿಯ ಮೇಲ್ಭಾಗ ಕತ್ತರಿಸಿ, ತಲೆಕೆಳಗಾಗಿ ಒಳಗೆ ತೂರಿಸಿ, ಕೇಬಲ್ ಟೈಯಲ್ಲಿ ಬಿಗಿದೆ. ಯೂಟ್ಯೂಬಿನಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ.

ಎಂಡ್ ಕ್ಯಾಪ್ 70, ಪಿವಿಸಿ ಅಂಟು 45, ಹ್ಯಾಕ್ಸಾ ಬ್ಲೇಡು 20, ನೈಲಾನ್ ಹಗ್ಗ 15 ಮೀಟರಿಗೆ 120, ಕೇಬಲ್ ಟೈ 50. ಒಟ್ಟು 305.

ತಪ್ಪು ಒಂದು: ಬಾಟಲಿ ಬಾಯಿಯ ಅಗಲ ಎರಡು ಸೆಂಟಿಮೀಟರ್ ಚಿಲ್ಲರೆ. ನಾನು ನೋಡಿದ ಮೀನು ನನ್ನ ಮುಂಗೈ ದಪ್ಪ ಇತ್ತು. ಅದು ಹೇಗೆ ಒಳಗೆ ಹೋಗಬೇಕು? ಇದು ಹೊಳೆದದ್ದು ಬೋನು ನೀರಿಗಿಟ್ಟು ಮನೆಗೆ ಬಂದು ಊಟಕ್ಕೆ ಕೂತಾಗ.

ತಪ್ಪು ಎರಡು: ಕ್ಯಾಪನ್ನು ಅಂಟು ಹಾಕಿ ಕೂರಿಸಿಬಿಟ್ಟೆ. ನೀರಿನ ಪೈಪು ಜೋಡಿಸಿ ಅಭ್ಯಾಸ, ಕೈ ತಾನಾಗಿ ಅಂಟಿನ ಡಬ್ಬಿಗೆ ಹೋಯಿತು. ಮೀನು ಬಿದ್ದರೆ ತೆಗೆಯುವುದು ಎಲ್ಲಿಂದ?

ಸೆಪ್ಟೆಂಬರ್ 15ರಿಂದ 22: ಏಡಿ

ಮೊದಲ ಎರಡು ರಾತ್ರಿ ಎರೆಹುಳ, ಹಳೇ ಕಾಲುಚೀಲದಲ್ಲಿ ಗಂಟು ಕಟ್ಟಿ. ಬೆಳಿಗ್ಗೆ ನೋಡಿದರೆ ಎರೆಹುಳವೂ ಇಲ್ಲ, ಕಾಲುಚೀಲದಲ್ಲಿ ಅರ್ಧವೂ ಇಲ್ಲ. ಒಳಗೆ ಒಂದು ಸಣ್ಣ ಏಡಿ. ಅದು ಬಾಟಲಿ ಬಾಯಿಂದ ಹೋದದ್ದೇನೋ ಸರಿ, ಹೊರಗೆ ಬರಲೊಲ್ಲದು. ಕ್ಯಾಪು ಅಂಟಿದೆಯಲ್ಲ. ಕಡೆಗೆ ಬಾಟಲಿಯನ್ನೇ ಕಿತ್ತು ಏಡಿಯನ್ನು ಬಿಟ್ಟೆ.

ಬಾಟಲಿ ಬಾಯಿಯನ್ನು ಆರು ಸೆಂಟಿಮೀಟರಿಗೆ ಕತ್ತರಿಸಿ ಮತ್ತೆ ಕೂರಿಸಿದೆ. ಮೇವು ಕೋಳಿಯ ಕರುಳು, ಅಂಗಡಿಯಲ್ಲಿ ಸುಮ್ನೆ ಕೊಟ್ಟರು. ಒಂದು ದಿನ ಹೊರಗಿಟ್ಟು ನಾರಿಸಿದರೆ ಒಳ್ಳೆಯದು ಅಂತ ಯಾರೋ ಹೇಳಿದ್ದರು, ಹಾಗೇ ಮಾಡಿದೆ. ಮೂರು ರಾತ್ರಿ ಏನೂ ಇಲ್ಲ. ಆದರೆ ಒಂದು ದಿನ ಪೈಪಿನ ಒಳಗೋಡೆಗೆಲ್ಲ ದಪ್ಪ ಲೋಳೆ ಅಂಟಿತ್ತು. ಬಂದು, ತಿಂದು, ಬಂದ ದಾರಿಯಲ್ಲೇ ಹೋಗಿದೆ. ಆರು ಸೆಂಟಿಮೀಟರಿನ ಗಟ್ಟಿ ಬಾಗಿಲು ಅಂದರೆ ಬಾಗಿಲೇ ಇಲ್ಲದ ಹಾಗೆ.

22ರ ರಾತ್ರಿ ಗುಡುಗು ಮಳೆ. ಬೆಳಿಗ್ಗೆ ತೋಡು ಕೆಂಪಾಗಿ ಹರಿಯುತ್ತಿತ್ತು. ಬೋನೂ ಇಲ್ಲ, ಹಗ್ಗವೂ ಇಲ್ಲ. ಹೊಸ ನೈಲಾನ್ ಹಗ್ಗದ ಗಂಟು ಒದ್ದೆಯಾದರೆ ಜಾರುತ್ತದೆ ಅನ್ನುವುದು ದನ ಕಟ್ಟುವ ಮನೆಯಲ್ಲಿ ಹುಟ್ಟಿದವನಿಗೆ ಗೊತ್ತಿರಬೇಕಿತ್ತು. ಹೊಳೆಗೆ ಒಂದು ಮೀಟರ್ ಪ್ಲಾಸ್ಟಿಕ್ ದಾನ ಮಾಡಿದ ಹಾಗಾಯಿತು. ಅದಕ್ಕಿಂತ ಬೇಸರ ಅಂದರೆ, ಕ್ಯಾಪು ಅಂಟಿದ ಆ ಪೈಪಿನಲ್ಲಿ ಇನ್ನು ಯಾವ ಜೀವ ಸಿಕ್ಕಿಕೊಂಡರೂ ಬಿಡಿಸುವವರಿಲ್ಲ.

ಸೆಪ್ಟೆಂಬರ್ 28 ಮತ್ತು 29: ಎರಡನೇ ಬೋನು

ಪಕ್ಕದ ತೋಟದ ಅಜ್ಜ ಮೊದಲೆಲ್ಲ ಬಿದಿರಿನ ಕೂಳಿ, ಅಂದರೆ ಮೀನು ಹಿಡಿಯುವ ಬುಟ್ಟಿಯಂಥ ಬೋನು, ಹೆಣೆಯುತ್ತಿದ್ದವರು. ನನ್ನ ಪೈಪಿನ ಕಥೆ ಕೇಳಿ ತುಂಬ ಹೊತ್ತು ನಕ್ಕರು. ಆಮೇಲೆ ಎರಡು ಮಾತು ಹೇಳಿದರು. "ಹಾವ್ ಮೀನ್ ಬಪ್ಪುದ್ ವಾಸನೆ ಹಿಡ್ಕಂಡ್ ಮಾರಾಯ. ಬಾಯಿ ನೀರ್ ಹೋಪ್ ಬದಿಗೆ ಇಡ್." ಅಂದರೆ ಬೋನಿನ ಬಾಯಿ ಹರಿವಿನ ಕೆಳಗಡೆಗೆ ಇರಬೇಕು. ವಾಸನೆ ನೀರಿನ ಜೊತೆ ಕೆಳಗೆ ಹೋಗುತ್ತದೆ, ಮೀನು ಅದನ್ನು ಹಿಡಿದು ಮೇಲೆ ಬರುತ್ತದೆ. ನಾನು ಅಷ್ಟು ದಿನ ಬಾಯಿಯನ್ನು ಮೇಲ್ಗಡೆಗೆ ಇಟ್ಟಿದ್ದೆ. ಎರಡನೇ ಮಾತು ಬಾಗಿಲಿನದ್ದು. ಕೂಳಿಯೊಳಗೆ ಬಿದಿರಿನ ಸೀಳುಗಳು ಒಳಮುಖವಾಗಿ ಚೂಪಾಗಿ ಸೇರಿರುತ್ತವೆ. ಒಳಗೆ ನುಗ್ಗುವಾಗ ಬಗ್ಗುತ್ತವೆ, ತಿರುಗಿ ಬಂದರೆ ಮುಖಕ್ಕೆ ಚುಚ್ಚುತ್ತವೆ.

ಹಾಗಾದರೆ ಪೈಪಿಗೆ ಬಿದಿರಿನ ಬಾಯಿ ಅಂತ ತೀರ್ಮಾನಿಸಿದೆ. ಉಳಿದಿದ್ದ 80 ಸೆಂಟಿಮೀಟರ್ ಪೈಪಿನಲ್ಲಿ ಐದು ಸೆಂಟಿಮೀಟರಿನ ಒಂದು ಬಳೆ ಕತ್ತರಿಸಿದೆ. ಆ ಬಳೆಯಲ್ಲಿ ಎರಡು ಸೆಂಟಿಮೀಟರ್ ಅಗಲದ ತುಂಡು ತೆಗೆದು ಅಮುಕಿದರೆ ಅದೇ ಪೈಪಿನೊಳಗೆ ಗಟ್ಟಿಯಾಗಿ ಕೂರುತ್ತದೆ. ಬಳೆಗೆ ಸುತ್ತ ಹನ್ನೆರಡು ತೂತು, ಒಂದೊಂದಕ್ಕೂ ಒಂದೊಂದು ಬಿದಿರಿನ ಸೀಳು ಕಟ್ಟಿದೆ. ಸೀಳಿನ ಉದ್ದ 22 ಸೆಂಟಿಮೀಟರ್, ದಪ್ಪ ಮೂರು ಮಿಲಿಮೀಟರ್. ತುದಿಗಳೆಲ್ಲ ಒಳಗೆ ಒಂದು ಕಡೆ ಸೇರಿ, ಮಧ್ಯೆ ಎರಡು ಬೆರಳು ಹೋಗುವಷ್ಟು ಜಾಗ.

ಮೊದಲು ಸೀಳಿದ್ದು ಒಣ ಬಿದಿರು. ಹನ್ನೆರಡರಲ್ಲಿ ಏಳು ಬಗ್ಗಿಸುವಾಗಲೇ ಮುರಿದವು. ಹಸಿ ಬಿದಿರು ತಂದು, ಒಂದು ರಾತ್ರಿ ನೀರಿನಲ್ಲಿ ನೆನೆಸಿ ಸೀಳಿದ ಮೇಲೆ ಸರಿಯಾಯಿತು. ಅಂಚನ್ನು ಚಾಕುವಿನಿಂದ ಹೆರೆಯಲೇಬೇಕು, ಇಲ್ಲದಿದ್ದರೆ ಬ್ಲೇಡಿನ ಹಾಗೆ ಇರುತ್ತದೆ. ನನ್ನ ಹೆಬ್ಬೆರಳು ಸಾಕ್ಷಿ.

ಈ ಸಲ ಕ್ಯಾಪಿಗೆ ಅಂಟು ಇಲ್ಲ, ಆರ್‌ಪಾರ್ ಎರಡು ಬೋಲ್ಟು. ಮೇವಿಗೆ ಮುಚ್ಚಳವಿರುವ ಸಣ್ಣ ಪ್ಲಾಸ್ಟಿಕ್ ಡಬ್ಬಿ, ಅದಕ್ಕೆ ಮೊಳೆ ಕಾಯಿಸಿ ತೂತು. ಹೀಗೆ ಮಾಡಿದರೆ ಏಡಿಗೆ ವಾಸನೆ ಮಾತ್ರ ಸಿಗುತ್ತದೆ. ಕ್ಯಾಪು 70, ಬೋಲ್ಟು 20, ರಬ್ಬರ್ ಕೈಗವಸು 60, ಆರು ಮಿಲಿಮೀಟರಿನ ಹಗ್ಗ ಹತ್ತು ಮೀಟರಿಗೆ 110. ಒಟ್ಟು 260. ಹಗ್ಗದ ತುದಿಯನ್ನು ಎರಡು ಸಲ ಸುತ್ತಿ ಗಂಟು ಹಾಕಿ, ಮೇಲೆ ಬೆಂಕಿಯಲ್ಲಿ ಕರಗಿಸಿ ಉಂಡೆ ಮಾಡಿದೆ.

ಸೆಪ್ಟೆಂಬರ್ 30, ಬೆಳಿಗ್ಗೆ

ಬೋನು ಭಾರ ಇತ್ತು. ಕುಣಿಯುತ್ತಾ ಎತ್ತಿದೆ. ಕ್ಯಾಪು ತೆಗೆದರೆ ಸತ್ತ ನೀರೊಳ್ಳೆ ಹಾವು.

ಇದು ಈ ಲೆಕ್ಕದಲ್ಲೇ ದೊಡ್ಡ ತಪ್ಪು. ನೀರೊಳ್ಳೆಗೆ ವಿಷ ಇಲ್ಲ, ಯಾರಿಗೂ ತೊಂದರೆ ಕೊಡದ ಜೀವ. ಅದು ಮೇಲೆ ಬಂದು ಉಸಿರಾಡಬೇಕು. ನಾನು ಬೋನನ್ನು ಪೂರ್ತಿ ಮುಳುಗಿಸಿ ಇಟ್ಟಿದ್ದೆ. ಆಮೆ ಬಿದ್ದಿದ್ದರೂ ಇದೇ ಗತಿ. ಅಮ್ಮನಿಗೆ ಹೇಳಲಿಲ್ಲ. ಅವಳು ವರ್ಷವರ್ಷ ನಾಗನಿಗೆ ತನು ಹಾಕುವವಳು, ಅಂದರೆ ನಾಗನ ಕಲ್ಲಿಗೆ ಹಾಲು, ಎಳನೀರು ಎರೆಯುವವಳು.

ಅಂದಿನಿಂದ ಬೋನನ್ನು ಓರೆಯಾಗಿ ಇಡುತ್ತೇನೆ. ಬಾಯಿ ನೀರೊಳಗೆ, ಕ್ಯಾಪಿನ ತುದಿ ನೀರಿನಿಂದ ನಾಲ್ಕು ಬೆರಳು ಮೇಲೆ. ಬುಡಕ್ಕೆ ಒಂದು ಕಲ್ಲು ಒತ್ತು. ಬೇರೆ ಜೀವ ಬಿದ್ದರೆ ಬೆಳಿಗ್ಗೆವರೆಗೆ ಉಸಿರಾಡಿಕೊಂಡು ಇರುತ್ತದೆ. ಬೆಳಕು ಹರಿಯುವಾಗಲೇ ಹೋಗಿ ನೋಡುವುದನ್ನೂ ರೂಢಿ ಮಾಡಿಕೊಂಡೆ.

ಅಕ್ಟೋಬರ್ 2: ಸಿಕ್ಕಿತು, ಹೋಯಿತು

ಮೇವು ಬದಲಿಸಿದೆ. ಹಿಂದಿನ ಸಂಜೆಯ ತಾಜಾ ಬೂತಾಯಿ ಮೀನಿನ ತಲೆ ಮತ್ತು ಕರುಳು. ನಾರುವ ಮೇವಿಗಿಂತ ತಾಜಾ ಮೇವಿಗೆ ಹಾವುಮೀನು ಚೆನ್ನಾಗಿ ಬರುತ್ತದೆ. ನನ್ನ ಅನುಭವ ಇಷ್ಟೇ ರಾತ್ರಿಗಳದ್ದು, ಆದರೂ ವ್ಯತ್ಯಾಸ ಅಷ್ಟು ಸ್ಪಷ್ಟವಿತ್ತು. ಜಾಗವನ್ನೂ ಬದಲಿಸಿ ಕೇದಗೆ ಪೊದೆಯ ಬೇರಿನಡಿ ಇಟ್ಟೆ. ಕಗ್ಗತ್ತಲು ಇದ್ದರೆ ಒಳ್ಳೆಯದು ಅಂತ ಅಜ್ಜ ಹೇಳಿದ್ದರು.

ಬೆಳಿಗ್ಗೆ ಬೋನಿನೊಳಗೆ ಎರಡಡಿ ಹಾವುಮೀನು. ಆದರೆ ಕಗ್ಗತ್ತಲಿಗೆ ಒಂದು ಬೆಲೆ ಇದೆ: ಅವತ್ತು ಮಹಾಲಯ ಅಮಾವಾಸ್ಯೆ. ಅಮ್ಮ ಜಗುಲಿಯಿಂದಲೇ ಹೇಳಿದಳು, "ಇವತ್ತು ಅಂತೂ ಇಲ್ಲ. ನಾಳೆಯಿಂದ ನವರಾತ್ರಿ, ಇನ್ನು ಹತ್ತು ದಿನ ಮನೆಗೆ ಮೀನು ತರುವ ಹಾಗಿಲ್ಲ." ಬೋನಿಡುವ ಮೊದಲು ಕ್ಯಾಲೆಂಡರ್ ನೋಡಬೇಕು ಅನ್ನುವುದೂ ಒಂದು ಪಾಠವೇ.

ಹತ್ತು ದಿನ ಸಾಕೋಣ ಅಂತ ನೀಲಿ ಡ್ರಮ್ಮಿನಲ್ಲಿ ಮುಕ್ಕಾಲು ನೀರು ತುಂಬಿ ಬಿಟ್ಟೆ. ಮೇಲೆ ಒಂದು ಹಲಗೆ, ಅದರ ಮೇಲೆ ಕಲ್ಲು. ಹಲಗೆಗೂ ಡ್ರಮ್ಮಿನ ಅಂಚಿಗೂ ಮಧ್ಯೆ ಮೂರು ಬೆರಳಿನ ಸಂದು. ಮರುದಿನ ಬೆಳಿಗ್ಗೆ ಡ್ರಮ್ಮು ಖಾಲಿ. ಅಂಗಳದ ಒದ್ದೆ ಮಣ್ಣಿನಲ್ಲಿ ಹೊಳೆಯುವ ಲೋಳೆಯ ಗೆರೆ, ನೇರ ತೋಡಿನ ಕಡೆಗೆ, ಇಪ್ಪತ್ತು ಮೀಟರ್. ಮೈ ಒದ್ದೆ ಇರುವವರೆಗೆ ಈ ಮೀನು ಚರ್ಮದಿಂದಲೂ ಉಸಿರಾಡುತ್ತದೆ, ರಾತ್ರಿ ನೆಲದ ಮೇಲೂ ಹರಿಯುತ್ತದೆ. ಮುಚ್ಚಳ ತಿರುಗಿಸಿ ಹಾಕುವ ಡ್ರಮ್ಮು ಬೇಕು, ಮುಚ್ಚಳಕ್ಕೆ ತೂತು ಬೇಕು. ಇನ್ನೂ ಸುಲಭ ಅಂದರೆ ಬೇಕಾಗುವ ತನಕ ಬೋನಿನಲ್ಲೇ, ಹರಿಯುವ ನೀರಿನಲ್ಲೇ ಬಿಡುವುದು.

ಅಕ್ಟೋಬರ್ 20: ದೊಡ್ಡದು

ದಸರಾ ಮುಗಿದ ಮೇಲೆ ಮತ್ತೆ ಇಟ್ಟೆ. ಈ ಸಲ ಬಿದ್ದದ್ದು ಬೋನಿಗಿಂತ ಉದ್ದ, ಒಳಗೆ ಮಡಚಿಕೊಂಡು ಕೂತಿತ್ತು. ಒದ್ದೆ ಗೋಣಿ ಮೇಲೆ ಬಿಟ್ಟು ಕೋಲಿನಲ್ಲಿ ಅಳೆದೆ. ಮೂರು ಮುಕ್ಕಾಲು ಅಡಿ. ಮೊಣಕೈ ಹತ್ತಿರದ ದಪ್ಪ. ಎರಡು ಬಿದಿರಿನ ಸೀಳು ಮುರಿದಿತ್ತು.

ಬಿಟ್ಟುಬಿಟ್ಟೆ. ಅಜ್ಜನಿಗೆ ಇದು ಅರ್ಥವೇ ಆಗಲಿಲ್ಲ. ನನ್ನ ಲೆಕ್ಕ ಹೀಗೆ: ಈ ಮೀನು ಮೊಟ್ಟೆ ಇಡುವುದು ಕಡಲಿನಲ್ಲಿ. ಮರಿಗಳು ಅಳಿವೆ ದಾಟಿ, ಸೀತಾನದಿ ಹತ್ತಿ, ನಮ್ಮ ತೋಡಿಗೆ ಬರುತ್ತವೆ. ವರ್ಷಗಟ್ಟಲೆ ಇಲ್ಲಿ ಬೆಳೆದು, ಒಂದು ಮಳೆಗಾಲದಲ್ಲಿ ಕೋಡಿ ಬೆಂಗ್ರೆ ಅಳಿವೆಯ ಕಡೆಯಿಂದ ಮತ್ತೆ ಕಡಲಿಗೆ ಇಳಿದು, ಒಂದೇ ಸಲ ಮೊಟ್ಟೆಯಿಟ್ಟು ಸಾಯುತ್ತವೆ. ದೊಡ್ಡವು ಹೆಚ್ಚಾಗಿ ಹೆಣ್ಣು. ಅಂದರೆ ಇಷ್ಟು ದೊಡ್ಡದನ್ನು ತಿಂದರೆ ಇನ್ನೂ ಒಮ್ಮೆಯೂ ಮೊಟ್ಟೆ ಇಡದ ತಾಯಿಯನ್ನು ತಿಂದ ಹಾಗೆ. ಯಾವ ಜೀವಿ ಅಳಿಯುವ ಅಪಾಯದಲ್ಲಿದೆ ಅಂತ ಹೇಳುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲೂ ಇದು ಅಪಾಯದ ಅಂಚಿಗೆ ಹತ್ತಿರ ಇರುವ ಮೀನು. ಹಾಗಾಗಿ ಮೂರಡಿ ಮೇಲಿನದು ವಾಪಸ್, ವರ್ಷಕ್ಕೆ ಎರಡೇ ಸಾಕು ಅಂತ ನಾನೇ ಹಾಕಿಕೊಂಡ ನಿಯಮ. ಹೊಳೆಗೆ ತೋಟೆ (ಸಿಡಿಮದ್ದು) ಹಾಕುವವರ, ವಿಷ ಬೆರೆಸುವವರ, ಕರೆಂಟು ಬಿಡುವವರ ಮುಂದೆ ನನ್ನ ನಿಯಮ ಯಾವ ಲೆಕ್ಕಕ್ಕೂ ಇಲ್ಲ, ಅದು ಬೇರೆ ಮಾತು. ಅವೆಲ್ಲ ಕಾನೂನಿಗೂ ವಿರುದ್ಧ, ಅಡಿಯಿಂದ ಮುಡಿಯವರೆಗೆ ಹೊಳೆಯನ್ನೇ ಕೊಲ್ಲುವ ಕೆಲಸ.

ಅಕ್ಟೋಬರ್ 27, ಭಾನುವಾರ: ಅಡುಗೆ

ಕೊನೆಗೂ ಅಳತೆಯದ್ದು ಸಿಕ್ಕಿತು. 29 ಇಂಚು, 820 ಗ್ರಾಂ. ಅಮಾವಾಸ್ಯೆಗೆ ಇನ್ನೂ ದಿನ ಇತ್ತು, ಕ್ಯಾಲೆಂಡರ್ ನೋಡಿಯೇ ಇಟ್ಟಿದ್ದೆ. ಆದರೆ ಅಮ್ಮನದ್ದು ಹೊಸ ತಕರಾರು. "ತನು ಹಾಕುವ ಕೈಯಲ್ಲಿ ಹಾವಿನಂಥದ್ದನ್ನು ಮುಟ್ಟೂದಾ? ನನ್ನ ಒಲೆಗೆ ತರ್ಬೇಡ." ಒಪ್ಪಬೇಕಾದ ಮಾತೇ. ಎಲ್ಲ ಕೆಲಸ ಬಚ್ಚಲಿನ ಹಂಡೆ ಒಲೆಯ ಹತ್ತಿರ.

ಕೊಲ್ಲುವುದು: ಬಕೆಟ್ಟಿಗೆ ಫ್ರಿಜ್ಜಿನ ಐಸೆಲ್ಲ ಸುರಿದು ಮುಕ್ಕಾಲು ಗಂಟೆ ಇಟ್ಟೆ. ಮರಗಟ್ಟಿ ಅಲುಗಾಡದ ಹಾಗಾದ ಮೇಲೆ ತಲೆಗೆ ಕೊರಡಿನಿಂದ ಒಂದೇ ಏಟು. ಜೀವ ಇರುವಾಗಲೇ ಉಪ್ಪು ಸುರಿಯುವವರಿದ್ದಾರೆ, ಲೋಳೆ ಬಿಡಲಿ ಅಂತ. ಅದು ಹಿಂಸೆ, ಮಾಡಬೇಡಿ.

ಲೋಳೆ ತೆಗೆಯುವುದರಲ್ಲಿ ಒಂದೂವರೆ ಗಂಟೆ ಹೋಯಿತು. ಮೊದಲು ಉಪ್ಪು ಹಾಕಿ ತಿಕ್ಕಿದೆ. ಲೋಳೆ ನೊರೆಯಾಯಿತೇ ಹೊರತು ಹೋಗಲಿಲ್ಲ. ಆಮೇಲೆ ಬಾಲದ ಕಡೆಗೆ ಕುದಿಯುವ ನೀರು ಸುರಿದೆ. ಲೋಳೆಯ ಜೊತೆ ಚರ್ಮವೂ ಅಂಗಿ ಬಿಚ್ಚಿದ ಹಾಗೆ ಬಂತು. ಕೊನೆಗೆ ಒಲೆಯ ಬೂದಿ. ಎರಡು ಮುಷ್ಟಿ ಬೂದಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿದರೆ ಹತ್ತು ನಿಮಿಷದಲ್ಲಿ ಮೈ ಗರಗರ. ಬೂದಿಯಿಂದಲೇ ಶುರು ಮಾಡಿದ್ದರೆ ಒಂದು ಗಂಟೆ ಉಳಿಯುತ್ತಿತ್ತು.

ಕೈಗವಸು ಯಾಕೆ ಅಂದರೆ, ಇದರ ಹಸಿ ರಕ್ತ ವಿಷ. ಗಾಯಕ್ಕೆ, ಕಣ್ಣಿಗೆ ತಾಗಬಾರದು. ಬೆಂದ ಮೇಲೆ ಏನೂ ತೊಂದರೆ ಇಲ್ಲ. ನಾನು ಬೆವರು ಒರೆಸಿಕೊಳ್ಳಲು ಹೋಗಿ ಗವಸಿನ ಕೈಯನ್ನೇ ಹುಬ್ಬಿಗೆ ತಾಗಿಸಿದೆ. ಕಣ್ಣು ಅರ್ಧ ದಿನ ಕೆಂಪಗೆ ಉರಿಯಿತು.

ಅಡಕೆ ಮರದ ಹಲಗೆಗೆ ನಾಲ್ಕಿಂಚಿನ ಮೊಳೆಯಿಂದ ತಲೆಯನ್ನು ಬಡಿದು ಕೂರಿಸಿದರೆ ಮಾತ್ರ ಚಾಕು ಆಡಿಸಲು ಬರುತ್ತದೆ. ಇಲ್ಲದಿದ್ದರೆ ಸತ್ತದ್ದೂ ಕೈಯಿಂದ ಜಾರುತ್ತದೆ. ಕೆಳಗಿನ ತೂತಿನಿಂದ ಗಂಟಲವರೆಗೆ ಹೊಟ್ಟೆ ಸೀಳಿ ಕರುಳು ತೆಗೆದೆ. ಬೆನ್ನೆಲುಬಿಗೆ ಅಂಟಿದ ಕಪ್ಪು ರಕ್ತದ ಗೆರೆ ತೂತಿಗಿಂತ ಎರಡು ಬೆರಳು ಕೆಳಗೂ ಹೋಗುತ್ತದೆ, ಅಲ್ಲಿವರೆಗೂ ಸೀಳಿ ಹೆರೆಯಬೇಕು. ಬಿಟ್ಟರೆ ಕಹಿ. ಎರಡಿಂಚಿನ ತುಂಡು ಮಾಡಿದಾಗ 590 ಗ್ರಾಂ ಉಳಿಯಿತು.

ಅರ್ಧ ಹುರಿಯಲು, ಅರ್ಧ ಸಾರಿಗೆ ಅಂತ ಯೋಚನೆ. ಹುರಿದದ್ದು ಕೆಟ್ಟಿತು. ರವೆ ಹಚ್ಚಿ ಕಾವಲಿಗೆ ಹಾಕಿದ ಕೂಡಲೇ ಚರ್ಮ ಸೆಳೆದುಕೊಂಡು ತುಂಡುಗಳೆಲ್ಲ ಮುದುಡಿದವು. ಈ ಮೀನಿನಲ್ಲೇ ಕೊಬ್ಬು ಜಾಸ್ತಿ, ಅದು ಕರಗಿ ಎಣ್ಣೆ ಚಿಮ್ಮಿ ಮುಂಗೈ ಸುಟ್ಟಿತು. ರವೆ ಕಪ್ಪಾದರೂ ಒಳಗೆ ಹಸಿ, ಜಗಿದರೆ ಸೈಕಲ್ ಟ್ಯೂಬು.

ನಾಲ್ಕು ತುಂಡು ತಿಂದು ನಿಲ್ಲಿಸಿ, ಉಳಿದದ್ದಕ್ಕೆ ದಾರಿ ಬದಲಿಸಿದೆ. ಚರ್ಮದ ಮೇಲೆ ಅರ್ಧ ಇಂಚಿಗೊಂದು ಗೀರು ಹಾಕಿದೆ. ಬ್ಯಾಡಗಿ ಮೆಣಸು 12, ಕೊತ್ತಂಬರಿ ಒಂದೂವರೆ ಚಮಚ, ಜೀರಿಗೆ ಅರ್ಧ ಚಮಚ, ಮೆಂತೆ ಹತ್ತು ಕಾಳು, ಕರಿಮೆಣಸು ಎಂಟು, ಬೆಳ್ಳುಳ್ಳಿ ಆರು ಎಸಳು, ಅರಸಿನ, ಹುಣಸೆ. ತೆಂಗಿನಕಾಯಿ ಇಲ್ಲದೆ ಗಟ್ಟಿಯಾಗಿ ಅರೆದು ಹಚ್ಚಿ, ಬಾಡಿಸಿದ ಬಾಳೆಲೆಯಲ್ಲಿ ಎರಡು ಸುತ್ತು ಕಟ್ಟಿ ಹಂಡೆ ಒಲೆಯ ಕೆಂಡದ ಬದಿಗಿಟ್ಟೆ. ಹದಿನೈದು ನಿಮಿಷಕ್ಕೆ ಮಗುಚಿ, ಇನ್ನು ಹತ್ತು ನಿಮಿಷ. ಬಿಡಿಸಿದಾಗ ಎಲೆಯ ತಳದಲ್ಲಿ ಕೆಂಪು ಕೊಬ್ಬು ನಿಂತಿತ್ತು. ಮಾಂಸ ಬೆಣ್ಣೆ, ಬೆನ್ನೆಲುಬು ಒಂದೇ ಎಳೆಯಾಗಿ ಬಿಟ್ಟುಬಂತು. ಸಾರು ಮಾಡುವ ಯೋಚನೆಯನ್ನೇ ಬಿಟ್ಟೆ.

ಎಲೆಯಲ್ಲಿ ನಿಂತ ಕೊಬ್ಬಿಗೆ ಬಿಸಿ ಕುಚ್ಚಲಕ್ಕಿ ಅನ್ನ ಕಲಸಿದ್ದು ಎಲ್ಲಕ್ಕಿಂತ ಚೆನ್ನಾಗಿತ್ತು. ಅಜ್ಜನಿಗೆ ಎರಡು ತುಂಡು ಕಳಿಸಿದೆ. ಉಪ್ಪು ಕಮ್ಮಿ ಅಂತ ಹೇಳಿ ಕಳಿಸಿದರು. ಅಮ್ಮ ಬಚ್ಚಲಿನ ಬಾಗಿಲವರೆಗೆ ಬಂದು ವಾಸನೆ ನೋಡಿ, "ಬೂತಾಯಿಗೆ ಇದೇ ಮಸಾಲೆ ಹಾಕಿದ್ರೆ ಸಾಕಿತ್ತು" ಅಂದಳು.

ಡಿಸೆಂಬರ್ 8

ಕೆಳಗಿನ ಕಿಂಡಿ ಅಣೆಕಟ್ಟಿಗೆ ನೀರು ನಿಲ್ಲಿಸಲು ಹಲಗೆ ಹಾಕುವ ದಿನ. ಮಣ್ಣು ಹೊರಲು ನಾನೂ ಹೋಗಿದ್ದೆ. ಕಂಬಕ್ಕೆ ಸಿಕ್ಕಿಕೊಂಡ ಕಸ, ಬಿದಿರಿನ ಮೆಳೆ ಎಳೆದು ಹಾಕುವಾಗ ಅದರಡಿಯಿಂದ ಬೂದು ಬಣ್ಣದ ಪೈಪು ಬಂತು, ನಲವತ್ತು ತೂತಿನದು. ಬಾಟಲಿ ಎಲ್ಲೋ ಕಿತ್ತುಹೋಗಿತ್ತು, ಹಗ್ಗವೂ ಇರಲಿಲ್ಲ. ಬಾಯಿ ತೆರೆದೇ ಇದ್ದುದರಿಂದ ಒಳಗೆ ಯಾವ ಜೀವವೂ ಸಿಕ್ಕಿಬಿದ್ದಿರಲಿಲ್ಲ, ಬರೀ ಮರಳು. ಎರಡು ಕಿಲೋಮೀಟರ್ ಕಲ್ಲಿಗೆ ಬಡಿದುಕೊಂಡು ಬಂದ ಪೈಪಿನ ಒಂದು ಅಂಚು ಒಡೆದಿತ್ತು. ನಾನು ಅಂಟಿಸಿದ ಕ್ಯಾಪು ಮಾತ್ರ ಕದಲಿರಲಿಲ್ಲ.